ನ್ಯಾಯಾಧೀಶನಿಲ್ಲದ ನ್ಯಾಯ

ಚಲನಚಿತ್ರದ ಕುರಿತು ನಮ್ಮ ಮನೆಗಳಲ್ಲಿ ಆಕ್ಷೇಪವೇಳುವುದು ಹೆಚ್ಚಾಗಿ ಅಶ್ಲೀಲ ದೃಶ್ಯ ಬಂದಾಗ. ತಂದೆ ಅವಸರದಿಂದ ರಿಮೋಟ್ ಹುಡುಕುತ್ತಾರೆ. ತಾಯಿ ಮಕ್ಕಳನ್ನು ಒಳಗೆ ಕಳುಹಿಸುತ್ತಾರೆ. ಆ ಲಜ್ಜೆ ಶ್ಲಾಘನೀಯ. ಆದರೆ ಅದೇ ಚಿತ್ರದ ನಾಯಕನು ಸಾಲುಸಾಲಾಗಿ ಮನುಷ್ಯರನ್ನು ಕೊಲ್ಲುವಾಗ ಇಡೀ ಕುಟುಂಬವು ನೆಮ್ಮದಿಯಿಂದ ಕುಳಿತು ನೋಡುತ್ತದೆ. ಕಣ್ಣಿಗೆ ಕಾವಲಿಟ್ಟ ನಾವು ನ್ಯಾಯಪ್ರಜ್ಞೆಯನ್ನು ಕಾವಲಿಲ್ಲದೆ ಬಿಟ್ಟಿದ್ದೇವೆ.

1986ರ ‘ರಾ ಡೀಲ್’ ಎಂಬ ಹಾಲಿವುಡ್ ಚಿತ್ರವನ್ನೇ ತೆಗೆದುಕೊಳ್ಳೋಣ. ಅರ್ನಾಲ್ಡ್ ಶ್ವಾರ್ಜ್‌ನೆಗರ್ ಅಭಿನಯಿಸಿದ ನಾಯಕನು ಅಮೆರಿಕದ ಎಫ್‌ಬಿಐ ಸಂಸ್ಥೆಯ ಮಾಜಿ ಅಧಿಕಾರಿ. ಮಗುವೊಂದರ ಹತ್ಯೆಯ ಆರೋಪಿಯನ್ನು ಥಳಿಸಿ ಹುದ್ದೆ ಕಳೆದುಕೊಂಡವನು. ಮಾಫಿಯಾ ಕೈಯಲ್ಲಿ ಮಗನನ್ನು ಕಳೆದುಕೊಂಡ ಹಿರಿಯ ಅಧಿಕಾರಿಯೊಬ್ಬನು ಇವನನ್ನು ಗುಟ್ಟಾಗಿ ಷಿಕಾಗೋದ ಪಾತಕಿಗಳ ನಡುವೆ ಕಳುಹಿಸುತ್ತಾನೆ. ಸತ್ತನೆಂಬ ಸುದ್ದಿ ಹಬ್ಬಿಸಿ, ಸುಳ್ಳು ಹೆಸರಿನಲ್ಲಿ ಗುಂಪು ಸೇರಿದ ನಾಯಕನು ಕೊನೆಗೆ ಬಂದೂಕು ಹಿಡಿದು ಅವರೆಲ್ಲರನ್ನೂ ಮುಗಿಸುತ್ತಾನೆ. ಹಳೆಯ ಹುದ್ದೆ ಅವನಿಗೆ ಮರಳಿ ದೊರೆಯುತ್ತದೆ. ಒಬ್ಬನನ್ನು ಥಳಿಸಿದ್ದು ಕಳಂಕ, ಹತ್ತಾರು ಮಂದಿಯನ್ನು ಕೊಂದದ್ದು ಗೌರವ! ಇದೆಂತಹ ಲೆಕ್ಕಾಚಾರ?

‘ಸತ್ತವರು ಪಾತಕಿಗಳಲ್ಲವೇ? ಸರಕಾರಿ ವಕೀಲನೇ ಮಾಫಿಯಾಕ್ಕೆ ಮಾರಿಕೊಂಡಿದ್ದಾಗ ಬೇರೆ ದಾರಿ ಎಲ್ಲಿತ್ತು?’ ಎಂದು ಕೇಳುವವರಿದ್ದಾರೆ. ದಾರಿಯಿರಲಿಲ್ಲವೆಂದಲ್ಲ, ಬಂದೂಕಿನ ಹೊರತು ಬೇರೇನೂ ಉಳಿಯದಂತೆ ಕಥೆಗಾರನೇ ದಾರಿಗಳನ್ನೆಲ್ಲ ಮುಚ್ಚಿದ್ದಾನೆ. ಎಫ್‌ಬಿಐಯ ಜೋಸೆಫ್ ಪಿಸ್ಟೋನ್ 1976ರಿಂದ 1981ರವರೆಗೆ ನ್ಯೂಯಾರ್ಕಿನ ಮಾಫಿಯಾದೊಳಗೆ ನಿಜವಾಗಿಯೂ ವೇಷ ಮರೆಸಿ ಬದುಕಿದವರು. ಹೊರಬಂದ ಮೇಲೆ ಅವರು ಮಾಡಿದ್ದು ನ್ಯಾಯಾಲಯದಲ್ಲಿ ಸಾಕ್ಷಿ ನುಡಿಯುವ ಕೆಲಸ. ನೂರಕ್ಕೂ ಹೆಚ್ಚು ಮಂದಿ ಅಪರಾಧಿಗಳೆಂದು ಸಾಬೀತಾದರು. ಸಾಕ್ಷ್ಯ ಮತ್ತು ವಿಚಾರಣೆಯ ಈ ನಿಧಾನದ ಶ್ರಮವು ‘ರಾ ಡೀಲ್’ನಂತಹ ಚಿತ್ರಗಳಿಗೆ ಬೇಡ.

ಅನ್ಯಾಯವಾಗಿ ಕೊಲ್ಲಲ್ಪಟ್ಟವನ ವಾರೀಸುದಾರನಿಗೆ ಪ್ರತೀಕಾರ ಕೇಳುವ ಹಕ್ಕನ್ನು ಪವಿತ್ರ ಕುರ್‌ಆನ್ ಕೊಟ್ಟಿದೆ. ಅದೇ ಉಸಿರಿನಲ್ಲಿ, ಅವನು ಕೊಲೆಯ ವಿಷಯದಲ್ಲಿ ಮಿತಿ ಮೀರಬಾರದೆಂದೂ ಆಜ್ಞಾಪಿಸಿದೆ (ಬನೀ ಇಸ್ರಾಈಲ್: 33). ಹಿಜರಿ 40ರ ರಮಝಾನ್‌ನಲ್ಲಿ ಕೂಫಾದ ಮಸೀದಿಯಲ್ಲಿ ಹಝ್ರತ್ ಅಲೀ(ರ)ರವರ ಮೇಲೆ ಇಬ್ನು ಮುಲ್ಜಮ್ ಖಡ್ಗ ಬೀಸಿದನು. ಮರಣಶಯ್ಯೆಯಲ್ಲಿದ್ದ ಖಲೀಫರು ಮಕ್ಕಳಿಗೆ ಕೊಟ್ಟ ಉಪದೇಶವನ್ನು ಚರಿತ್ರೆಕಾರರು ದಾಖಲಿಸಿದ್ದಾರೆ: ತಾವು ಮರಣ ಹೊಂದಿದರೆ ಕೊಲೆಗಾರನೊಬ್ಬನ ಹೊರತು ಯಾರನ್ನೂ ಕೊಲ್ಲಕೂಡದು, ಅವನ ಅಂಗಗಳನ್ನು ವಿರೂಪಗೊಳಿಸಕೂಡದು. ಮುಸ್ಲಿಮ್ ಜಗತ್ತಿನ ಖಲೀಫರ ರಕ್ತಕ್ಕೆ ಒಂದೇ ಪ್ರಾಣ. ಚಿತ್ರದ ಅಧಿಕಾರಿಯ ಮಗನಿಗೆ ಒಂದು ಇಡೀ ಗುಂಪು!

‘ಇದು ಬರಿಯ ಮನರಂಜನೆ’ ಎನ್ನುವವರು 2019ರ ಡಿಸೆಂಬರ್ ತಿಂಗಳನ್ನು ನೆನಪಿಸಿಕೊಳ್ಳಲಿ. ಹೈದರಾಬಾದಿನ ಬಳಿ ಅತ್ಯಾಚಾರ ಮತ್ತು ಕೊಲೆ ಪ್ರಕರಣದ 4 ಆರೋಪಿಗಳನ್ನು ಪೊಲೀಸರು ಗುಂಡಿಟ್ಟು ಕೊಂದಾಗ, ಜನರು ಸಿನಿಮಾ ನಾಯಕರಿಗೆ ಸುರಿಯುವಂತೆ ಪೊಲೀಸರ ಮೇಲೆ ಹೂಮಳೆ ಸುರಿಸಿದರು. ಸುಪ್ರೀಂ ಕೋರ್ಟ್ ನೇಮಿಸಿದ ಸಿರ್ಪುರ್ಕರ್ ಆಯೋಗದ ವರದಿ 2022ರಲ್ಲಿ ಬಹಿರಂಗವಾಯಿತು. ಕೊಲ್ಲುವ ಉದ್ದೇಶದಿಂದಲೇ ಗುಂಡು ಹಾರಿಸಲಾಗಿತ್ತೆಂದೂ, ಸತ್ತವರಲ್ಲಿ ಮೂವರು ಅಪ್ರಾಪ್ತ ವಯಸ್ಕರೆಂದೂ ಅದು ಹೇಳಿತು. ಅಪರಾಧ ಘೋರವಾಗಿತ್ತು, ನಿಜ. ಆದರೆ ಅದನ್ನು ಮಾಡಿದವರು ಅವರೇ ಎಂದು ಯಾವ ನ್ಯಾಯಾಲಯದಲ್ಲಿ ಸಾಬೀತಾಯಿತು?

ನಮ್ಮವರ ಮನೆ ವಿಚಾರಣೆಯಿಲ್ಲದೆ ನೆಲಸಮವಾದಾಗ, ನಮ್ಮ ಯುವಕರು ವಿಚಾರಣೆಯಿಲ್ಲದೆ ಸೆರೆಯಲ್ಲಿ ಕೊಳೆಯುವಾಗ ‘ಕಾನೂನು ಎಲ್ಲಿದೆ?’ ಎಂದು ನಾವು ಕೇಳುತ್ತೇವೆ. ಕೇಳಲೇಬೇಕು. ಆದರೆ ಅದೇ ಕಾನೂನನ್ನು ತೆರೆಯ ಮೇಲೆ ತುಳಿದಾಗ ಚಪ್ಪಾಳೆ ತಟ್ಟಿದರೆ ನಮ್ಮ ಪ್ರಶ್ನೆಗೆ ಯಾವ ಬೆಲೆಯಿದೆ?

ಸಹೋದರ ಸಹೋದರಿಯರೇ, ಇಂತಹ ಚಿತ್ರ ಮನೆಗೆ ಬಾರದಿರುವುದೇ ಒಳಿತು. ಮಕ್ಕಳು ನೋಡಿಬಿಟ್ಟಿದ್ದರೆ ಮೂರು ಪ್ರಶ್ನೆ ಕೇಳಿರಿ: ಸಾಕ್ಷಿ ಯಾರು? ತೀರ್ಪು ಕೊಟ್ಟವರು ಯಾರು? ಗುಂಡು ತಪ್ಪಿ ನಿರಪರಾಧಿಗೆ ತಗುಲಿದ್ದರೆ ಪರಲೋಕದಲ್ಲಿ ಉತ್ತರಿಸುವವರು ಯಾರು? ದ್ವೇಷವಿರುವವರೊಂದಿಗೂ ನ್ಯಾಯ ಪಾಲಿಸುವ ಸ್ಥೈರ್ಯವನ್ನು ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಕರುಣಿಸಲಿ. ಆಮೀನ್.