ಆರೋಗ್ಯ ವಿಚಾರ: ಪ್ರಾಣವಾಯುವೂ ಒಂದು ಔಷಧವೇ

ಈಚೆಗೆ ನಾವು ಹೃದಯಾಘಾತವಾಗಿ ಆಸ್ಪತ್ರೆ ಸೇರಿದ್ದ ವೃದ್ಧ ಬಂಧುಗಳೊಬ್ಬರನ್ನು ನೋಡಲು ಹೋಗಿದ್ದೆವು. ಚಿಕಿತ್ಸೆಯು ಕ್ರಮವಾಗಿಯೇ ನಡೆದಿತ್ತು. ಆದರೆ ಹೊರಗೆ ಕುಳಿತಿದ್ದ ಅವರ ಮಗಳ ಕಣ್ಣಲ್ಲಿ ನೀರು. “ಪಕ್ಕದ ಹಾಸಿಗೆಯವರಿಗೆ ಆಕ್ಸಿಜನ್ ಹಾಕಿದ್ದಾರೆ, ನಮ್ಮ ತಂದೆಯವರಿಗೆ ಹಾಕಿಲ್ಲ. ಬಡವರೆಂದು ಉದಾಸೀನವೋ ಏನೋ!” ಎಂದಳು. ಇಂತಹ ಸಂಶಯವು ಆಕೆಯೊಬ್ಬಳದೇ ಅಲ್ಲವಾದುದರಿಂದ ಈ ತಿಂಗಳು ಅದನ್ನೇ ವಿಚಾರಕ್ಕೆ ತೆಗೆದುಕೊಂಡಿರುವೆವು.

ಹೃದಯಕ್ಕೆ ರಕ್ತವನ್ನೊಯ್ಯುವ ನಾಳವೊಂದು ಹೆಪ್ಪುಗಟ್ಟಿದ ರಕ್ತದಿಂದ ಮುಚ್ಚಿಕೊಂಡರೆ, ಅದರಾಚೆಯ ಮಾಂಸಖಂಡವು ಪ್ರಾಣವಾಯುವಿಲ್ಲದೆ ಸಾಯತೊಡಗುವುದು. ಕೊರತೆಯು ಪ್ರಾಣವಾಯುವಿನದಾದರೆ ಅದನ್ನೇ ಕೊಡಬೇಕೆಂಬುದು ಯಾರಿಗಾದರೂ ತೋಚುವ ಮಾತು. 1900ರಷ್ಟು ಹಿಂದೆಯೇ ಸ್ಟೀಲ್ ಎಂಬ ವೈದ್ಯರು ತೀವ್ರವಾದ ಎದೆನೋವು ಇದರಿಂದ ಶಮನವಾಯಿತೆಂದು ಬರೆದರು. ಅಲ್ಲಿಂದೀಚೆಗೆ ಒಂದು ಶತಮಾನಕ್ಕೂ ಮಿಕ್ಕಿ ಈ ಉಪಚಾರವು ಲೋಕದ ಆಸ್ಪತ್ರೆಗಳಲ್ಲೆಲ್ಲ ರೂಢಿಯಾಗಿ ನಿಂತಿತು.

ಆದರೆ ಅದರಿಂದ ನಿಜವಾಗಿ ಗುಣವುಂಟೇ ಎಂದು ತೂಗಿ ನೋಡಿದವರು ವಿರಳ. 1976ರಲ್ಲಿ ಬ್ರಿಟನ್ನಿನ ರಾಲ್ಸ್ ಮತ್ತು ಕೆನ್‌ಮ್ಯೂರ್ ಎಂಬ ವೈದ್ಯರು ಕೆಲವು ರೋಗಿಗಳಿಗೆ ಪ್ರಾಣವಾಯುವನ್ನೂ ಕೆಲವರಿಗೆ ಬರಿಯ ಗಾಳಿಯನ್ನೂ ಕೊಟ್ಟು ಹೋಲಿಸಿದರು. ಲಾಭವೇನೂ ಕಾಣಲಿಲ್ಲ. ಪರೀಕ್ಷೆಗೆ ಒಳಗಾದವರು 200 ಮಂದಿಯೇ ಆದುದರಿಂದ ರೂಢಿಯು ಅಲುಗಲಿಲ್ಲ. 2015ರಲ್ಲಿ ಆಸ್ಟ್ರೇಲಿಯದ ವಿಕ್ಟೋರಿಯ ಪ್ರಾಂತ್ಯದಲ್ಲಿ 441 ರೋಗಿಗಳ ಪರೀಕ್ಷೆಯ ಫಲವು ಪ್ರಕಟವಾಯಿತು. ರಕ್ತದಲ್ಲಿ ಪ್ರಾಣವಾಯುವು ಸಾಕಷ್ಟಿದ್ದೂ ಅದನ್ನು ಪಡೆದವರಲ್ಲಿ ಹೃದಯಕ್ಕಾದ ಗಾಯವು ಹೆಚ್ಚೇ ಇದ್ದಂತೆ ತೋರಿತು. ಕಡೆಗೆ 2017ರಲ್ಲಿ ಸ್ವೀಡನ್ ದೇಶದ 35 ಆಸ್ಪತ್ರೆಗಳಲ್ಲಿ ನಡೆದ ಪರೀಕ್ಷೆಯು ಹೊರಬಂದಿತು. ಹೃದಯಾಘಾತದ ಶಂಕೆಯಿಂದ ಬಂದ 6,629 ಮಂದಿಯಲ್ಲಿ ಅರ್ಧದಷ್ಟು ಜನರಿಗೆ ನಿಮಿಷಕ್ಕೆ 6 ಲೀಟರಿನಂತೆ ಪ್ರಾಣವಾಯುವನ್ನು ಕೊಟ್ಟರು. ಉಳಿದವರು ಕೋಣೆಯ ಗಾಳಿಯನ್ನೇ ಉಸಿರಾಡಿದರು. ವರ್ಷವೊಂದರಲ್ಲಿ ತೀರಿಕೊಂಡವರು ಪ್ರಾಣವಾಯು ಪಡೆದವರಲ್ಲಿ ನೂರಕ್ಕೆ 5.0, ಪಡೆಯದವರಲ್ಲಿ 5.1. ಭೇದವಿಲ್ಲವೆಂದೇ ಹೇಳಬೇಕು.

ಇದರ ಕಾರಣವು ಗಹನವಾದುದಲ್ಲ. ರಕ್ತದ ಕೆಂಪು ಕಣಗಳು ಹೊರಬಲ್ಲಷ್ಟನ್ನು ಆಗಲೇ ಹೊತ್ತಿರುವಾಗ ಇನ್ನಷ್ಟು ಕೊಡುವುದು ತುಂಬಿದ ಕೊಡಕ್ಕೆ ನೀರು ಹೊಯ್ದಂತೆ. ಅದಲ್ಲದೆ ಮಿತಿಮೀರಿದ ಪ್ರಾಣವಾಯುವು ಹೃದಯದ ರಕ್ತನಾಳಗಳನ್ನು ಸಂಕೋಚಗೊಳಿಸುವುದೂ ಉಂಟು. ಅತಿಯಾದರೆ ಅಮೃತವೂ ವಿಷವೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಸುಮ್ಮನೆ ಅಲ್ಲ.

ಹಾಗೆಂದು ಪ್ರಾಣವಾಯುವೇ ಬೇಡವೆಂದು ವಾಚಕರು ಭಾವಿಸಬಾರದು. ರಕ್ತದಲ್ಲಿ ಅದರ ಪ್ರಮಾಣವು ನೂರಕ್ಕೆ 90ರಿಂದ ಕೆಳಗಿಳಿದ ಹೃದ್ರೋಗಿಗೆ ಅದನ್ನು ಕೊಡಲೇಬೇಕು. ಯೂರೋಪಿನ ಹೃದ್ರೋಗತಜ್ಞರು 2017ರಲ್ಲಿ ವಿಧಿಸಿದ ನಿಯಮವೂ ಇದೇ. 2021ರ ಕೊರೋನಾ ಹಾವಳಿಯಲ್ಲಿ ಅದು ದೊರೆಯದೆ ಪಟ್ಟ ಸಂಕಟವನ್ನು ನಮ್ಮಲ್ಲಿ ಯಾರು ಮರೆತಾರು? ತೀವ್ರ ನಿಗಾ ಘಟಕಗಳ ವಿಷಯದಲ್ಲಿಯೂ 2025ರಲ್ಲಿ ಬ್ರಿಟನ್ನಿನ ಸುಮಾರು 16,500 ರೋಗಿಗಳ ಪರೀಕ್ಷೆಯು ಪ್ರಕಟವಾಯಿತು. ಉಸಿರಾಟದ ಯಂತ್ರಕ್ಕೆ ಒಳಪಟ್ಟವರಿಗೆ ಪ್ರಾಣವಾಯುವನ್ನು ವಾಡಿಕೆಗಿಂತ ಬಿಗಿಹಿಡಿದು ಕೊಟ್ಟರೂ ಹೆಚ್ಚು ಮಂದಿ ಬದುಕಲಿಲ್ಲ. ಆದುದರಿಂದ ಕಡಮೆಯೇ ಮೇಲೆಂಬುದೂ ಸಲ್ಲದು. ಯಾರಿಗೆ ಎಷ್ಟು ಎಂಬ ಹದವನ್ನು ಅಳೆದೇ ತಿಳಿಯಬೇಕು.

ರೂಢಿಯನ್ನು ಹೀಗೆ ಅಲುಗಿಸಿದ ತೂಗುವ ಕ್ರಮವೇ ಒಂದು ಅಗ್ಗದ ಮಾತ್ರೆಯನ್ನು ಎತ್ತಿಹಿಡಿದುದನ್ನೂ ಹೇಳಬೇಕು. 1988ರಲ್ಲಿ ಪ್ರಕಟವಾದ 17,187 ರೋಗಿಗಳ ಪರೀಕ್ಷೆಯಲ್ಲಿ, ಆಸ್ಪಿರಿನ್ ಸೇವಿಸದವರಲ್ಲಿ ಐದು ವಾರಗಳೊಳಗೆ ಹೃದಯ ಮತ್ತು ರಕ್ತನಾಳಗಳ ರೋಗದಿಂದ ತೀರಿಕೊಂಡವರು ನೂರಕ್ಕೆ 11.8, ಸೇವಿಸಿದವರಲ್ಲಿ 9.4. ಕಣ್ಣಿಗೆ ದೊಡ್ಡದಾಗಿ ಕಾಣುವ ಸಲಕರಣೆಯೇ ದೊಡ್ಡ ಚಿಕಿತ್ಸೆಯಲ್ಲ.

ಗೃಹಿಣಿಯರು ನೆನಪಿನಲ್ಲಿಡಬೇಕಾದುದಿಷ್ಟು. ಎದೆಯನ್ನು ಹಿಂಡಿದಂತಹ ನೋವು, ತೋಳಿಗೋ ದವಡೆಗೋ ಹರಡುವ ನೋವು, ತಣ್ಣನೆಯ ಬೆವರು, ಏದುಸಿರು ಕಂಡರೆ ಕ್ಷಣವನ್ನೂ ಕಳೆಯದೆ 108ಕ್ಕೆ ಕರೆ ಮಾಡತಕ್ಕದ್ದು. ಕೊರೋನಾ ಕಾಲದಲ್ಲಿ ಕೊಂಡಿಟ್ಟ, ಬೆರಳಿಗೆ ಸಿಕ್ಕಿಸುವ ಉಪಕರಣವು 98 ಎಂದು ತೋರಿಸಿತೆಂದು ಧೈರ್ಯ ತಾಳಿ ಕುಳಿತುಕೊಳ್ಳಬಾರದು. ನಾಳವು ಮುಚ್ಚಿರುವುದನ್ನು ಅದು ಹೇಳಲಾರದು. ಆಸ್ಪಿರಿನ್ ಒಗ್ಗದವರೂ ರಕ್ತಸ್ರಾವದ ತೊಂದರೆಯುಳ್ಳವರೂ ಇರುವುದರಿಂದ, ವೈದ್ಯರನ್ನೋ ಕರೆಗೆ ಉತ್ತರಿಸಿದವರನ್ನೋ ಕೇಳಿಯೇ ಅದನ್ನು ಅಗಿಯಲು ಕೊಡಬೇಕು. ಮುಚ್ಚಿದ ನಾಳವನ್ನು ಬೇಗನೆ ತೆರೆಯುವುದರಲ್ಲಿಯೇ ಪ್ರಾಣವಿರುವುದು.

ಆ ಮಗಳಿಗೆ ನಾವು, “ತಂದೆಯವರ ಪ್ರಮಾಣವೆಷ್ಟೆಂದು ದಾದಿಯನ್ನು ಕೇಳಮ್ಮಾ” ಎಂದೆವು. ದಾದಿಯು ಆಕೆಯನ್ನು ಒಳಗೆ ಕರೆದೊಯ್ದು ಯಂತ್ರದ ಮೇಲಿನ ಅಂಕೆಯನ್ನು ತೋರಿಸಿದಳು: 96. ಪಕ್ಕದ ಹಾಸಿಗೆಯವರದು ಶ್ವಾಸಕೋಶದ ಕಾಯಿಲೆಯೆಂದೂ ತಿಳಿಯಿತು. ಕೇಳದೆ ಕೊರಗುವುದಕ್ಕಿಂತ ಕೇಳಿ ತಿಳಿಯುವುದು ಲೇಸು. ರೋಗಿಯ ಕಡೆಯವರಿಗೆ ಹೀಗೆ ಎರಡು ಮಾತು ಬಿಡಿಸಿ ಹೇಳುವುದೂ ಚಿಕಿತ್ಸೆಯ ಒಂದು ಅಂಗವೆಂದು ವೈದ್ಯಮಹಾಶಯರಲ್ಲಿ ನಮ್ಮ ಬಿನ್ನಹ.