ಅನ್ಯೋನ್ಯತೆಗೊಂದು ಹೊತ್ತು

ಕನ್ನಡ ಕ್ರೈಸ್ತರು ‘ಅನ್ಯೋನ್ಯತೆ’ ಎನ್ನುವಾಗ ಗಂಡಹೆಂಡಿರ ಹೊಂದಾಣಿಕೆಯೆಂಬ ರೂಢಿಯ ಅರ್ಥವಷ್ಟೇ ಅವರ ಮನಸ್ಸಿನಲ್ಲಿರುವುದಿಲ್ಲ. ಹೊಸ ಒಡಂಬಡಿಕೆಯ ಗ್ರೀಕ್ ಮೂಲದಲ್ಲಿ ‘ಕೊಯಿನೋನಿಯ’ ಎಂದು ಕರೆಯಲಾದ, ಒಂದೇ ನಂಬಿಕೆಯವರು ಅನ್ನ, ಪ್ರಾರ್ಥನೆ, ಕಷ್ಟಸುಖಗಳಲ್ಲಿ ಪಾಲುಗೊಳ್ಳುವ ಬಾಳಿಗೆ ಅದು ಕನ್ನಡದ ಹೆಸರು. ಗ್ರೀಕ್ ಪದದ ಬೇರಿನಲ್ಲಿ ‘ಎಲ್ಲರಿಗೂ ಸೇರಿದ್ದು’ ಎಂಬ ಅರ್ಥವಿದ್ದರೆ, ಸಂಸ್ಕೃತದಿಂದ ಕನ್ನಡಕ್ಕೆ ಬಂದ ಪದದಲ್ಲಿ ‘ಒಬ್ಬರಿಗೊಬ್ಬರು’ ಎಂಬ ಎದುರುಬದುರಿನ ಭಾವವಿದೆ. ಆದ್ದರಿಂದ ಎಲ್ಲರೂ ಒಂದೇ ಕಡೆಗೆ ಮುಖಮಾಡಿ ಕುಳಿತು ಎದ್ದುಹೋಗುವ ಭಾನುವಾರದ ಆರಾಧನೆ ಎಷ್ಟೇ ಪವಿತ್ರವಾದರೂ ಈ ಮಾತಿನ ಪೂರ್ಣಾರ್ಥವನ್ನು ತಾನೊಂದೇ ತುಂಬಿಕೊಡಲಾರದು.

ಎದುರುಬದುರಾಗಿ ಕೂರಲು ಹೊತ್ತು ಬೇಕು. ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ತಾಲ್ಲೂಕಿನ ಮದ್ದೂರಿನಂಥ ಕಾಡಂಚಿನ ಸೀಮೆಯಲ್ಲಿ ಹೊತ್ತೆಂಬುದು ಬಹು ಬಿಗಿಯಾದ ವಸ್ತು. ಬಂಡೀಪುರವನ್ನು ಹಾಯ್ದು ಸುಲ್ತಾನ್ ಬತ್ತೇರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 766ರಲ್ಲಿ, ವನ್ಯಜೀವಿಗಳ ರಕ್ಷಣೆಗಾಗಿ 2009ರಲ್ಲಿ ಬಂದ ನಿರ್ಬಂಧದಂತೆ, ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಾಮಾನ್ಯ ವಾಹನಗಳಿಗೆ ದಾರಿಯಿಲ್ಲ. ಆನೆ, ಹಂದಿಗಳಿಂದ ಬೆಳೆ ಕಾಯುವವರಿಗೆ ಇರುಳೂ ದುಡಿಮೆಯ ವೇಳೆಯೇ. ಕಾಫಿ ಕೊಯ್ಲಿಗೆಂದು ಕೊಡಗಿನ ತೋಟಗಳಿಗೆ ಕೂಲಿ ಹೋಗುವವರಿಗೆ ಕ್ರಿಸ್ಮಸ್ ಬರುವುದು ಕೊಯ್ಲಿನ ನಡುವೆ. ಇಂಥಲ್ಲಿ ‘ಬಿಡುವಾದಾಗ ಸೇರೋಣ’ ಎಂದರೆ ಸೇರುವ ದಿನ ಬರುವುದೇ ಇಲ್ಲ.

ಬಿಡುವಿಲ್ಲದ ಬಡವರ ನಡುವೆಯೇ ಅನ್ಯೋನ್ಯತೆ ಬೇರೂರಿದ್ದಕ್ಕೆ ಮೆಥಡಿಸ್ಟ್ ಪರಂಪರೆಯ ‘ಕ್ಲಾಸ್’, ಅಂದರೆ ಹತ್ತು ಹನ್ನೆರಡು ಮಂದಿಯ ವಾರದ ಕೂಟ, ಸಾಕ್ಷಿಯಾಗಿದೆ. 1742ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಜಾನ್ ವೆಸ್ಲಿಯವರ ಅನುಯಾಯಿಗಳು ತಮ್ಮ ಪ್ರಾರ್ಥನಾಲಯದ ಸಾಲ ತೀರಿಸಲು ತಲಾ ವಾರಕ್ಕೊಂದು ಪೆನ್ನಿ ಕೂಡಿಸತೊಡಗಿದರು. ಕೊಡಲಾಗದವರ ಪಾಲನ್ನು ತಾನೇ ತುಂಬುವುದಾಗಿ ಅವರಲ್ಲೊಬ್ಬನು ಒಪ್ಪಿಕೊಂಡನು. ವಸೂಲಿಗೆಂದು ಮನೆಮನೆಗೆ ಹೋದ ಮುಖಂಡರಿಗೆ ಜನರ ಬಾಳಿನ ನಿಜಸ್ಥಿತಿ ತಿಳಿಯುತ್ತ ಬಂದು, ಹಣದ ಲೆಕ್ಕವು ಯೋಗಕ್ಷೇಮದ ವಿಚಾರಣೆಯಾಗಿ ಬೆಳೆಯಿತು. 19ನೆಯ ಶತಮಾನದಲ್ಲಿ ಮೈಸೂರು ಸೀಮೆಗೆ ಬಂದ ವೆಸ್ಲಿಯನ್ ಮಿಷನ್ ಈ ಪರಂಪರೆಯದು. ಅದರ ಸಭೆಗಳು 1947ರಲ್ಲಿ ರೂಪುಗೊಂಡ ದಕ್ಷಿಣ ಭಾರತ ಸಭೆಯಲ್ಲಿ ಒಂದಾದವು. ಕಥೋಲಿಕರಲ್ಲಿಯೂ ನೆರೆಹೊರೆಯ ಮನೆಗಳನ್ನು ಕೂಡಿಸುವ ‘ಕಿರು ಕ್ರೈಸ್ತ ಸಮುದಾಯ’ ಎಂಬ ಏರ್ಪಾಡಿದೆ.

ಹೀಗೆ ಎರಡು ಕಡೆಯೂ ಏರ್ಪಾಡು ಹೊಸದಾಗಿ ಆಗಬೇಕಾಗಿಲ್ಲ, ಅದಕ್ಕೆ ಹೊತ್ತು ಗೊತ್ತಾಗಬೇಕಷ್ಟೆ. ಮತ್ತು ಆ ಹೊತ್ತು ಪಟ್ಟಣದ ಗಡಿಯಾರಕ್ಕಲ್ಲ, ದುಡಿಯುವವರ ದಿನಚರಿಗೆ ಹೊಂದಬೇಕು. ಮನೆಪ್ರಾರ್ಥನೆಗಳು ಹಾಡು, ವಾಚನ, ಪ್ರಸಂಗ, ಕಾಫಿಗಳಲ್ಲೇ ಮುಗಿದು, ಸಾಲದಲ್ಲಿರುವವನ ಅಥವಾ ಒಂಟಿ ಮುದುಕಿಯ ಮಾತಿಗೆ ಎಡೆಯೇ ಸಿಗದೆ ಹೋದರೆ ಅದು ಆರಾಧನೆಯ ಇನ್ನೊಂದು ಕಂತಾದೀತೇ ಹೊರತು ಅನ್ಯೋನ್ಯತೆಯಾಗದು.

ಹೊಸ ವರ್ಷದ ಕಾರ್ಯಕ್ರಮ ಪಟ್ಟಿಯನ್ನು ಬರೆಯುವ ಸಭಾಪಾಲಕರೂ ಹಿರಿಯರೂ ಹಬ್ಬಗಳ ದಿನಾಂಕಕ್ಕಿಂತ ಮೊದಲು ಊರಿನ ನಾಟಿ, ಕೊಯ್ಲು, ಕಾವಲುಗಳ ತಿಂಗಳುಗಳನ್ನು ಕೇಳಿ ತಿಳಿದು, ಭಾಷಣವಿಲ್ಲದ ಒಂದು ಸಂಜೆಯನ್ನಾದರೂ ಪ್ರತಿ ವಾರವೂ ಕಾದಿರಿಸಬೇಕೆಂಬುದು ಈ ಪತ್ರಿಕೆಯ ವಿನಂತಿ.