ಎರಡು ರೂಪಾಯಿ ನಲವತ್ತು ಪೈಸೆಯ ಲೆಕ್ಕ

ಮಕ್ಕಳೇ, ಹೋದ ಭಾನುವಾರ ನಮ್ಮ ಮನೆಯಲ್ಲಿ ಒಂದು ಸಣ್ಣ ಜಗಳವೇ ಆಯಿತು. ನನ್ನ ಕಿರಿಯ ಮಗನದು ಬಟ್ಟೆ ಅಂಗಡಿ. ದೀಪಾವಳಿಗೆ ಸ್ಪರ್ಧೆ ಇಡುತ್ತೇನೆಂದು ಹಾಳೆಯಲ್ಲಿ ಬರೆದುಕೊಂಡು ಬಂದಿದ್ದ: "ಎಸ್ಸೆಮ್ಮೆಸ್ ಕಳಿಸಿ, ಸೈಕಲ್ ಗೆಲ್ಲಿ. ಪೂರ್ತಿ ಉಚಿತ!" ಕೆಳಗೆ ಸಣ್ಣಕ್ಷರದಲ್ಲಿ, ಒಂದು ಎಸ್ಸೆಮ್ಮೆಸ್‌ಗೆ 5 ರೂಪಾಯಿ.

ಏಳನೇ ಕ್ಲಾಸಿನ ಮೊಮ್ಮಗಳು ಕೋಡುಬಳೆ ಕಡಿಯುತ್ತಾ ಕೇಳಿದಳು: "ಚಿಕ್ಕಪ್ಪ, ಐದು ರೂಪಾಯಿ ತಗೊಂಡ ಮೇಲೆ ಉಚಿತ ಹೇಗೆ?"

ಅವನಿಗೆ ಸಿಟ್ಟು ಬಂತು. ನನಗೆ ಹಳೆಯ ಮೊಕದ್ದಮೆಯೊಂದು ನೆನಪಿಗೆ ಬಂತು.

2007ರಲ್ಲಿ ಸ್ಟಾರ್ ಪ್ಲಸ್‌ನ 'ಕೌನ್ ಬನೇಗಾ ಕರೋಡ್‌ಪತಿ'ಯನ್ನು ಶಾರುಖ್ ಖಾನ್ ನಡೆಸಿಕೊಡುತ್ತಿದ್ದರು. ಮನೆಯಲ್ಲಿ ಕೂತು ನೋಡುವವರಿಗೂ ಒಂದು ಸ್ಪರ್ಧೆ ಇತ್ತು, 'ಹರ್ ಸೀಟ್ ಹಾಟ್ ಸೀಟ್'. ಒಂದು ಪ್ರಶ್ನೆ, ನಾಲ್ಕು ಉತ್ತರ. ಸರಿಯುತ್ತರ ಕಳಿಸಿದವರಲ್ಲಿ ಒಬ್ಬರನ್ನು ಆರಿಸಿ 2 ಲಕ್ಷ ರೂಪಾಯಿ ಕೊಡುತ್ತಿದ್ದರು. ಒಂದು ಎಸ್ಸೆಮ್ಮೆಸ್‌ಗೆ 2 ರೂಪಾಯಿ 40 ಪೈಸೆ. ಮಾಮೂಲಿ ಎಸ್ಸೆಮ್ಮೆಸ್‌ಗಿಂತ ದುಬಾರಿ.

ಒಂದು ಗ್ರಾಹಕ ಸಂಸ್ಥೆ ದೂರು ಕೊಟ್ಟಿತು. ಬಂದ ಎಸ್ಸೆಮ್ಮೆಸ್ ಸುಮಾರು 5 ಕೋಟಿ 80 ಲಕ್ಷ. ಕಂತುಗಳು 52. "ಗುಣಿಸು ನೋಡೋಣ" ಎಂದೆ. ಮೊಮ್ಮಗಳು ಹಾಳೆಯ ಹಿಂಬದಿಯಲ್ಲೇ ಲೆಕ್ಕ ಹಾಕಿದಳು. ಬಂದದ್ದು 13 ಕೋಟಿ 92 ಲಕ್ಷ, ಕೊಟ್ಟದ್ದು 1 ಕೋಟಿ 4 ಲಕ್ಷ! ಬಹುಮಾನದ ಹಣ ನೋಡುಗರ ಜೇಬಿನದೇ ಎಂದು ರಾಷ್ಟ್ರೀಯ ಗ್ರಾಹಕ ಆಯೋಗ 2008ರಲ್ಲಿ ತೀರ್ಮಾನಿಸಿ, ಸ್ಟಾರ್ ಮತ್ತು ಏರ್‌ಟೆಲ್‌ಗೆ 1 ಕೋಟಿ ದಂಡ ವಿಧಿಸಿತು.

"ಗೆದ್ದರು!" ಎಂದಳು. ತಾಳು ಮರಿ. 2019ರಲ್ಲಿ ಸುಪ್ರೀಂ ಕೋರ್ಟ್ ಆ ಆದೇಶವನ್ನು ರದ್ದು ಮಾಡಿತು. ಬಹುಮಾನ ಆ ಎಸ್ಸೆಮ್ಮೆಸ್ ಹಣದಿಂದಲೇ ಹೋಯಿತು ಎನ್ನುವುದಕ್ಕೆ ಸಾಕ್ಷ್ಯ ಇರಲಿಲ್ಲ. ಅನುಮಾನ ಎಷ್ಟೇ ಬಲವಾಗಿದ್ದರೂ ದೂರು ಕೊಟ್ಟವರೇ ಅದನ್ನು ರುಜುವಾತು ಮಾಡಬೇಕು. ಆ ತೀರ್ಪು ನನಗೂ ಮೊದಲು ರುಚಿಸಿರಲಿಲ್ಲ, ಈಗ ಸರಿ ಅನ್ನಿಸುತ್ತದೆ.

"ನೋಡಿದೆಯಾ? ಕೋರ್ಟೇ ಬಿಟ್ಟಿದೆ" ಎಂದು ಮಗ ಹುರುಪಾದ. ಬಿಟ್ಟದ್ದು ಸಾಕ್ಷ್ಯವಿಲ್ಲದ್ದಕ್ಕಪ್ಪ, ಕಾನೂನು ಎಲ್ಲಿಗೂ ಹೋಗಿಲ್ಲ. ಬೆಲೆಯೊಳಗೇ ಖರ್ಚು ಸೇರಿಸಿಕೊಂಡು 'ಉಚಿತ' ಅನ್ನುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲೂ ಅನುಚಿತ ವ್ಯಾಪಾರ. ಮಾರಾಟ ಹೆಚ್ಚಿಸಲು ನಡೆಸುವ ಲಾಟರಿ, ಅದೃಷ್ಟದಾಟಗಳೂ, ನಿಯಮದಲ್ಲಿ ವಿನಾಯಿತಿ ಇಲ್ಲದಿದ್ದರೆ, ಅದೇ ಸಾಲಿಗೆ ಸೇರುತ್ತವೆ. ಉಚಿತ ಬಹುಮಾನದ ಯೋಜನೆ ಮುಗಿದ ಮೇಲೆ ಫಲಿತಾಂಶ ಮುಚ್ಚಿಡುವಂತಿಲ್ಲ. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟಿದ್ದರೆ, ಅದೇ ಪತ್ರಿಕೆಯಲ್ಲಿ ಎದ್ದು ಕಾಣುವಂತೆ ಪ್ರಕಟಿಸಬೇಕು.

ಅದಕ್ಕಿಂತ ದೊಡ್ಡ ತೊಡಕು ಬೇರೆ ಇತ್ತು. ದುಡ್ಡು ತೆಗೆದುಕೊಂಡು ಚೀಟಿ ಎತ್ತಿ ಬಹುಮಾನ ಕೊಟ್ಟರೆ ಅದು ಲಾಟರಿಯೇ. ಕರ್ನಾಟಕದಲ್ಲಿ 2007ರ ಏಪ್ರಿಲ್‌ನಿಂದ ಲಾಟರಿ ನಿಷೇಧವಾಗಿದೆ. ಲಾಟರಿ ಟಿಕೆಟ್ ಕಟ್ಟುಗಳು ತೂಗುತ್ತಿದ್ದ ಪೆಟ್ಟಿಗೆ ಅಂಗಡಿಗಳು ನನ್ನ ವಯಸ್ಸಿನ ಓದುಗರಿಗೆ ನೆನಪಿರಬೇಕು. ಸಂಬಳದ ದಿನ ಅಲ್ಲಿ ನಿಂತವರ ಮನೆಗಳೂ ನೆನಪಿರಬೇಕು.

ಜಾಹೀರಾತಿನ ಎಸ್ಸೆಮ್ಮೆಸ್‌ಗೂ ನಿಯಮವಿದೆ. ಸ್ವಂತ ಹತ್ತಂಕಿ ನಂಬರಿನಿಂದ ಊರಿಗೆಲ್ಲ ಕಳಿಸುವಂತಿಲ್ಲ, ಟೆಲಿಕಾಂ ಕಂಪನಿಯಲ್ಲಿ ಅಂಗಡಿಯ ಹೆಸರು ನೋಂದಾಯಿಸಬೇಕು. ಅಜ್ಜ ಅಜ್ಜಿಯರೇ, ಈಗ ಅಂಥ ಎಸ್ಸೆಮ್ಮೆಸ್ ಕಳಿಸಿದವರ ಹೆಸರಿನ ಕೊನೆಗೆ ಇಂಗ್ಲಿಷಿನ 'ಪಿ' ಅಕ್ಷರ ಇರುತ್ತದೆ. ಬೇಡವೆನಿಸಿದರೆ 1909ಕ್ಕೆ ಹೇಳಬಹುದು. ಗ್ರಾಹಕ ದೂರುಗಳಿಗೆ 1915.

ಮಗ ಸ್ವಲ್ಪ ಹೊತ್ತು ಸುಮ್ಮನೆ ಕೂತ. ಆಮೇಲೆ ಹಾಳೆ ಮಡಚಿ, "ಎಲ್ಲರಿಗೂ ನೂರಕ್ಕೆ ಹತ್ತು ರಿಯಾಯಿತಿ ಕೊಟ್ಟುಬಿಡ್ತೀನಿ ಅಪ್ಪ. ಆದರೆ ಸೈಕಲ್ ಆಗಲೇ ತಂದಾಯ್ತಲ್ಲ" ಎಂದ.

ಸೈಕಲ್ ಅಂಗಡಿಯ ಹಿಂದಿನ ಕೋಣೆಯಲ್ಲಿದೆ. ಮೊಮ್ಮಗಳು ದಿನಕ್ಕೆ ಎರಡು ಸಲ ಹೋಗಿ ಅದರ ಧೂಳು ಒರೆಸಿ ಬರುತ್ತಿದ್ದಾಳೆ.